ನಿಂಗವ್ವ ಮುಟ್ಟದ ಕಾಲು

ಖಾನಾಪುರದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನಿಂಗವ್ವನ ಬೈಗುಳ ಕೇಳಲೇಬೇಕಿತ್ತು. "ನೀರ ಇಷ್ಟ ತಣ್ಣಗ ಯಾಕ ಐತಿ? ಬಾಣಂತಿಗಿ ಎರೀತೀರೋ, ಎಮ್ಮಿ ಮೈ ತೊಳೀತೀರೋ?" ಎನ್ನುತ್ತಲೇ ಒಳಗೆ ಬಂದು, ಸೀರೆ ಎತ್ತಿ ಕಟ್ಟಿ, ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕೂಡುತ್ತಿದ್ದಳು. ಕೂಸನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡಳೆಂದರೆ ಅಜ್ಜಿಯಿರಲಿ, ಅತ್ತೆಯಿರಲಿ, ಯಾರೂ ತುಟಿ ಬಿಚ್ಚುವಂತಿರಲಿಲ್ಲ.

ಬಾಣಂತಿಯರಿಗೆ ಎಣ್ಣೆ ತಿಕ್ಕಿ ಎರೆಯುವುದು ಅವಳ ಕೆಲಸ. ಜಾಂಬೋಟಿಯಿಂದಲೂ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ನಾನು ಆಗ ಊರಿನ ಒಬ್ಬ ಡಾಕ್ಟರರ ಸಣ್ಣ ದವಾಖಾನೆಯಲ್ಲಿ ನರ್ಸು. ಆ ದವಾಖಾನೆ ಈಗಿಲ್ಲ, ಡಾಕ್ಟರೂ ಇಲ್ಲ. ನಾಲ್ಕಕ್ಷರ ಓದಿದ ಜಂಬ ನನಗಿತ್ತು. ಅವಳ ಕೆಲಸವನ್ನು ನಾನು ಹಗುರವಾಗಿ ಆಡಿಕೊಳ್ಳುತ್ತಿದ್ದೆ, ಅವಳೂ ಬಿಡುತ್ತಿರಲಿಲ್ಲ. "ನೀವು ಚುಚ್ಚಿ ಅಳಸ್ತೀರಿ ನರ್ಸಬಾಯಾರ, ನಾ ತಿಕ್ಕಿ ಮಲಗಸ್ತೀನಿ," ಎನ್ನುತ್ತಿದ್ದಳು.

ಎಪ್ಪತ್ತನೇ ಇಸವಿಯ ಮಳೆಗಾಲದಲ್ಲಿ, ಹಂಚಿನ ವ್ಯಾಪಾರಿ ಹುಸೇನಸಾಬರ ಹೆಂಡತಿ ಅಖ್ತರಿ ನಮ್ಮಲ್ಲಿ ಹೆಣ್ಣು ಹೆತ್ತಳು. ಹೆತ್ತ ಮೇಲೆ ರಕ್ತ ನಿಲ್ಲಲಿಲ್ಲ. ಕೈಯ ನರಗಳೆಲ್ಲ ಒಳಗಿಳಿದು ಸೂಜಿಗೆ ಸಿಗದಾದವು. ಡಾಕ್ಟರು ಎಡಗಾಲಿನ ಪಾದದ ಗಂಟಿನ ಹತ್ತಿರ ಚರ್ಮ ಕೊಯ್ದು, ರಕ್ತನಾಳ ಬಿಡಿಸಿ, ಅದರೊಳಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ಕೂಡಿಸಿ ಹೊಲಿದರು. ಸಲೈನು, ರಕ್ತ ಎಲ್ಲ ಅದರಿಂದಲೇ ಒಳಗೆ ಹೋಯಿತು. ಆ ದಿನ ಅಖ್ತರಿಯನ್ನು ಉಳಿಸಿದ್ದು ಆ ನಳಿಕೆಯೇ.

ಆದರೆ ಅಂಥ ನಳಿಕೆಯನ್ನು ಎರಡು ಮೂರು ದಿನಕ್ಕಿಂತ ಹೆಚ್ಚು ಇಡಬಾರದು. ಇಟ್ಟರೆ ರಕ್ತನಾಳ ಬಾತುಕೊಳ್ಳುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಎರಡನೆಯ ದಿನ ಡಾಕ್ಟರು ಯಾವುದೋ ಕೆಲಸಕ್ಕೆ ಬೆಳಗಾವಿಗೆ ಹೊರಟರು. "ನಾಳೆ ತೆಗದ ಬಿಡ್ರಿ," ಎಂದು ಹೇಳಿಯೇ ಹೋದರು. ನಾನು ತೆಗೆಯಲಿಲ್ಲ. ಮತ್ತೆ ರಕ್ತ ಹೋಗತೊಡಗಿದರೆ ನರ ಎಲ್ಲಿ ಹುಡುಕಲಿ ಎಂಬ ಹೆದರಿಕೆ. ಆರು ದಿನ ಹಾಗೇ ಇಟ್ಟೆ. ಕಾಲಿನುದ್ದಕ್ಕೂ ಕೆಂಪು ಗೆರೆ ಎದ್ದದ್ದನ್ನು ಈ ಕಣ್ಣಿಂದಲೇ ನೋಡಿದೆ. ಡಾಕ್ಟರು ಬರುವ ಹೊತ್ತಿಗೆ ಗಡಬಡಿಸಿ ನಳಿಕೆ ಕಿತ್ತು, ಪಟ್ಟಿ ಕಟ್ಟಿ, ಎಲ್ಲ ಸರಿಯಿದೆ ಎಂದುಬಿಟ್ಟೆ.

ಮನೆಗೆ ಹೋದ ಮೇಲೆ ಆ ಕಾಲು ಊದಿತು. ಅಖ್ತರಿಯ ಅತ್ತೆ ಬದರುನ್ನಿಸಾ ನಿಂಗವ್ವನಿಗೆ ಹೇಳಿಕಳಿಸಿದರು. ಮಲಗಿ ಮಲಗಿ ಕಾಲು ಹಿಡಿದುಕೊಂಡಿದೆ ಎಂದುಕೊಂಡ ನಿಂಗವ್ವ ಬಿಸಿ ಎಣ್ಣೆ ಹಾಕಿ, ಮೀನಖಂಡವನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಒತ್ತಿ ತಿಕ್ಕಿದಳು. ಮರುದಿನವೂ ತಿಕ್ಕಿದಳು. ಎರೆಸಿಕೊಳ್ಳಲು ಎದ್ದು ನಿಂತ ಅಖ್ತರಿ ಎದೆ ಹಿಡಿದುಕೊಂಡು, ಉಸಿರಿಗೆ ಒದ್ದಾಡಿ, ನಿಂಗವ್ವನ ಹೆಗಲ ಮೇಲೆಯೇ ಜೀವ ಬಿಟ್ಟಳು.

ಆ ಮನೆಯವರು ಯಾರನ್ನೂ ದೂರಲಿಲ್ಲ, ಅಲ್ಲಾನ ಮರ್ಜಿ ಎಂದು ಅತ್ತರು. ನಾಲ್ಕನೆಯ ದಿನ ನಿಂಗವ್ವ ನನ್ನ ಹತ್ತಿರ ಬಂದಳು. ಅವತ್ತು ಬಾಯಲ್ಲಿ ಬೈಗುಳ ಇರಲಿಲ್ಲ.

"ಏನಾಗಿತ್ರಿ ಆಕಿಗಿ? ನನ್ನ ಕೈಯಾಗ ಹೋದಳ್ರಿ."

"ಕಾಲಾಗ ರಕ್ತ ಹೆಪ್ಪುಗಟ್ಟಿತ್ತು ನಿಂಗವ್ವಾ. ತಿಕ್ಕಿದ್ದಕ್ಕ ಅದು ಕಿತಗೊಂಡು ಎದಿಗಿ ಹೋತು. ಅಂಥಾ ಕಾಲು ತಿಕ್ಕಬಾರದು," ಅಂದೆ.

ಹೆಪ್ಪು ಯಾಕೆ ಕಟ್ಟಿತು ಎಂದು ಅವಳು ಕೇಳಲಿಲ್ಲ, ಕೇಳುವಷ್ಟು ಅವಳಿಗೆ ತಿಳಿದಿರಲಿಲ್ಲ. ತಿಳಿದವಳು ನಾನು, ಬಾಯಿ ಮುಚ್ಚಿಕೊಂಡು ಕೂತೆ. ಅವಳು ಗೋಡೆ ಹಿಡಿದುಕೊಂಡು ಎದ್ದು ಹೋದದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಅಂದಿನಿಂದ ನಿಂಗವ್ವ ಯಾವ ಬಾಣಂತಿಯ ಕಾಲನ್ನೂ ಮುಟ್ಟಲಿಲ್ಲ. ತಲೆ, ಬೆನ್ನು, ಸೊಂಟ ತಿಕ್ಕುವಳು, ತೊಡೆಯಿಂದ ಕೆಳಗೆ ಬರೀ ನೀರು ಹಾಕುವಳು. ಏನೋ ಹರಕೆ ಹೊತ್ತಿದ್ದಾಳೆ ಎಂದು ಊರು ಮಾತಾಡಿಕೊಂಡಿತು, ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಖ್ತರಿಯ ಮಗಳು ಅನ್ವರಿಗೆ ಮಾತ್ರ, ಕೂಸು ಎದ್ದು ಕೂಡುವ ತನಕ, ಯಾರೂ ಕರೆಯದಿದ್ದರೂ ದಿನಾ ಹೋಗಿ ಎರೆದು ಬಂದಳು. ಬದರುನ್ನಿಸಾ ಆ ಋಣ ಮರೆಯದೆ ಪ್ರತಿ ರಮಜಾನಿಗೆ ಡಬ್ಬಿ ತುಂಬ ಶಾವಿಗೆಯ ಸುರಕುಂಬಾ ಕಳಿಸುತ್ತಿದ್ದರು. ನಿಂಗವ್ವ ಅದನ್ನು ಓಣಿಯವರಿಗೆಲ್ಲ ಹಂಚಿ, ತಾನು ಒಂದು ಚಮಚವನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಮಡಿ ಅಂದುಕೊಂಡವರೇ ಹೆಚ್ಚು. ತನ್ನ ಕೈಯಲ್ಲಿ ಸತ್ತವಳ ಮನೆಯದನ್ನು ಅವಳು ತಿನ್ನಲಾರಳೆಂದು ನನಗೆ ಗೊತ್ತಿತ್ತು.

ಎಂಬತ್ತೊಂಬತ್ತರಲ್ಲಿ ಅನ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಸುಸೂತ್ರವಾಯಿತು. ಆರನೆಯ ದಿನ ಅವಳ ಕಾಲು ಊದಿತು. ಆಗ ನಾನು ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಡುತ್ತಿದ್ದೆ, ನನಗೂ ಕರೆ ಬಂತು. ನಾನು ಹೋದಾಗ ನಿಂಗವ್ವ ಮಂಚದ ಹತ್ತಿರ ಕೂತಿದ್ದಳು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ನಾ ತಿಕ್ಕಂಗಿಲ್ರಿ. ಯಾರೂ ತಿಕ್ಕಬ್ಯಾಡ್ರಿ. ಈಗಿಂದೀಗ ಬೆಳಗಾವಿಗಿ ಒಯ್ರಿ."

ಬದರುನ್ನಿಸಾರಿಗೆ ಎಪ್ಪತ್ತು ದಾಟಿತ್ತು. ಸಿಟ್ಟಿಗೇನೂ ವಯಸ್ಸಾಗಿರಲಿಲ್ಲ. "ನಿನ್ನ ಹರಕಿ ನಮ್ಮ ಹುಡುಗಿಗಿಂತ ದೊಡ್ಡದೇನ? ಸರಿ ಅತ್ತಾಗ, ನಾನ ತಿಕ್ತೀನಿ," ಎಂದು ಎಣ್ಣೆಯ ಬಟ್ಟಲಲ್ಲಿ ಕೈ ಅದ್ದಿದರು.

ನಿಂಗವ್ವ ಗಬಕ್ಕನೆ ಆ ಕೈ ಹಿಡಿದಳು. "ಹರಕಿ ಅಲ್ರಿ ಅಮ್ಮಾ. ಇಂಥಾದ ಕಾಲು ತಿಕ್ಕಿ ಅಖ್ತರಿನ್ನ ನಾನ ಕೊಂದೀನ್ರಿ. ಇದ ಕೈಲೆ. ನಿಮ್ಮ ಸೊಸಿನ್ನ ಕೊಂದಾಕಿ ಹೇಳಾಕತ್ತೀನಿ, ಈಗರ ಕೇಳ್ರಿ!"

ಬದರುನ್ನಿಸಾ ನನ್ನ ಕಡೆ ತಿರುಗಿದರು. "ಖರೇ ಏನ್ರಿ, ನರ್ಸಬಾಯಾರ?"

"ಖರೇ," ಅಂದೆ. "ಮೊದಲ ಗಾಡಿ ತರಸ್ರಿ."

ಅವಸರವಿತ್ತು, ಅದೂ ಸುಳ್ಳಲ್ಲ. ಆದರೆ ಇನ್ನೆರಡು ಮಾತಿಗೆ ಹೊತ್ತಿಲ್ಲದಷ್ಟು ಅವಸರವೇನೂ ಇರಲಿಲ್ಲ.

ಹುಸೇನಸಾಬರು ಜೀಪು ತಂದರು. ಕಾಲ ಕೆಳಗೆ ದಿಂಬಿಟ್ಟು ಅನ್ವರಿಯನ್ನು ಮಲಗಿಸಿದೆವು. ನಿಂಗವ್ವ ಹತ್ತಲು ಬಂದಾಗ ಬದರುನ್ನಿಸಾ, "ಆಕಿ ಬ್ಯಾಡ. ಬಾಯಾರು ಬರಲಿ," ಅಂದರು. ನಾನು ಹತ್ತಿ ಕೂತೆ. ಅವಳು ರಸ್ತೆಯ ಬದಿಗೆ ಹಾಗೇ ನಿಂತಿದ್ದಳು.

ಬೆಳಗಾವಿಯಲ್ಲಿ ಕಾಲನ್ನು ಎತ್ತರಿಸಿ ಮಲಗಿಸಿ, ರಕ್ತ ತೆಳ್ಳಗಾಗುವ ಇಂಜೆಕ್ಷನ್ ಕೊಟ್ಟು, ಮೂರು ವಾರ ಇಟ್ಟುಕೊಂಡರು. ತಿಕ್ಕಿದ್ದರೆ ಉಳಿಯುವುದು ಕಷ್ಟವಿತ್ತು ಎಂದ ಅಲ್ಲಿಯ ಡಾಕ್ಟರು, ನರ್ಸಿನ ವೇಷ ನೋಡಿ ನನ್ನ ಬೆನ್ನು ಚಪ್ಪರಿಸಿದರು. "ನಿಮ್ಮಿಂದ ಉಳೀತು ನೋಡ್ರಿ ಜೀವಾ." ಹುಸೇನಸಾಬರು ನನಗೆ ಎರಡೂ ಕೈ ಮುಗಿದರು. ನಿಂಗವ್ವನಿಗೆ ಸಲ್ಲಬೇಕಾದ ಆ ಹೊಗಳಿಕೆಯನ್ನು ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

ಅನ್ವರಿ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ನಿಂಗವ್ವನ ಮನೆಗೆ ಹೋದೆ. ಬರುವುದಿಲ್ಲವೆಂದು ಹಟ ಹಿಡಿದವಳನ್ನು ಕೈಹಿಡಿದು ಎಳೆದುಕೊಂಡೇ ಬದರುನ್ನಿಸಾರ ಮುಂದೆ ನಿಲ್ಲಿಸಿದೆ. ನಳಿಕೆಯದು, ಆರು ದಿನದ್ದು, ಕೆಂಪು ಗೆರೆಯದು, ಎಲ್ಲ ಹೇಳಿದೆ. ಹೆಪ್ಪುಗಟ್ಟಿಸಿದ್ದು ನಾನು, ಏನೂ ತಿಳಿಯದೆ ತಿಕ್ಕಿದ್ದಷ್ಟೇ ಇವಳು ಎಂದೆ. ಹೇಳುವಾಗ ಅಳು ಬಂತು. ಯಾರೂ ಸಮಾಧಾನ ಮಾಡಲಿಲ್ಲ.

ಬದರುನ್ನಿಸಾ ಕೈಯಲ್ಲಿದ್ದ ಜಪದ ತಸಬಿಯನ್ನು ಕೆಳಗಿಟ್ಟರು. ಆಮೇಲೆ, "ಆಕಿ ಗೊತ್ತಿಲ್ಲದ ಮಾಡಿದಳು. ನೀವು ಗೊತ್ತಿದ್ದೂ ಸುಮ್ಮನಿದ್ರಿ," ಅಂದರು. ನನಗೆ ಅಷ್ಟೇ ಹೇಳಿದರು. ನಿಂಗವ್ವನ ಮುಖ ಮಾತ್ರ ನೋಡಲಿಲ್ಲ, ಆದರೆ ಅನ್ವರಿಯ ಕೂಸನ್ನು ಅವಳ ಕೈಗೆ ಕೊಟ್ಟು, "ನೀರ ಕಾದಾವು," ಎಂದರು.

ನಿಂಗವ್ವ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡಳು. ನಾನು ಬಾಗಿಲಲ್ಲಿ ನಿಂತಿದ್ದೆ. ತಲೆ ಎತ್ತದೆಯೇ ಅಂದಳು: "ಹತ್ತೊಂಬತ್ತ ವರ್ಷ ಇದನ್ನ ನಾ ಒಬ್ಬಾಕಿನ ಹೊತಗೊಂಡ ತಿರಗೀನ್ರಿ ಬಾಯಾರ. ಅವತ್ತ ಹೇಳಿದ್ರ ಇಬ್ಬರೂ ಕೂಡಿ ಅಳತಿದ್ವಿ."

ಕೂಸು ಚಳಿಗೆ ಅಳತೊಡಗಿತು.

"ಮತ್ತ ಸುಮ್ಮನ ನಿಂತೀರೇನು? ನೀರ ಹಾಕ್ರಿ," ಎಂದು ಗದರಿಸಿದಳು.

ನಾನು ತಂಬಿಗೆ ತೆಗೆದುಕೊಂಡು, ಅವಳ ಕೈ ಮೇಲೆ ನೀರು ಹಾಕಿದೆ.