ನೂರು ಕಿಲೋಮೀಟರಿನ ಊಟ

ವಿಜಯನಗರದ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ಹೆಂಗಸರ ಗುಂಪೊಂದಿದೆ. ನಡೆಯುವುದಕ್ಕಿಂತ ಮಾತಾಡುವುದೇ ಹೆಚ್ಚು. ಒಂದು ಭಾನುವಾರ ಅಲ್ಲಿಗೆ ಯಾರೋ ಒಬ್ಬಾಕೆ ಬಂದು, ದೂರದಿಂದ ಬರುವ ಊಟ ಭೂಮಿಗೆ ಭಾರ, ಸುತ್ತಮುತ್ತ ಬೆಳೆದದ್ದನ್ನೇ ತಿನ್ನಿ ಎಂದು ಅರ್ಧ ಗಂಟೆ ಹೇಳಿದರು. ಉಳಿದವರು ಚಪ್ಪಾಳೆ ತಟ್ಟಿ ಇಡ್ಲಿ ತಿನ್ನಲು ಹೋದರು. ನಾನು ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡು ಮನೆಗೆ ಬಂದೆ. ನನ್ನ ಸ್ವಭಾವವೇ ಹಾಗೆ. ಒಳ್ಳೆಯ ವಿಚಾರವೊಂದು ಸಿಕ್ಕರೆ ಮೊದಲು ಮನೆಯವರ ಮೇಲೆ ಪ್ರಯೋಗ ಮಾಡುತ್ತೇನೆ.

ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದೆ: ನೂರು ಕಿಲೋಮೀಟರಿನಾಚೆಯದು ಈ ಮನೆಗೆ ಬರಕೂಡದು. ವಿದೇಶಿ ಸೇಬು ಹೋಯಿತು, ಕಿವಿ ಹಣ್ಣು ಹೋಯಿತು, ಓಟ್ಸ್ ಹೋಯಿತು. ಅವಕ್ಕಾಗಿ ಯಾರೂ ಅಳಲಿಲ್ಲ. ಮಾರನೆಯ ಬೆಳಿಗ್ಗೆ ನನ್ನ ಗಂಡ ಮೊಬೈಲಿನಲ್ಲಿ ಮ್ಯಾಪು ತೆರೆದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತರು.

“ಏನೇ, ಚಿಕ್ಕಮಗಳೂರು ಇನ್ನೂರು ದಾಟ್ತಾ ಇದೆ ಕಣೇ. ನಿನ್ನ ಕೈಲಿರೋದು ಏನು?”

ನನ್ನ ಕೈಯಲ್ಲಿದ್ದದ್ದು ಫಿಲ್ಟರ್ ಕಾಫಿ. ಅದನ್ನು ಪೂರ್ತಿ ಕುಡಿದು ಮುಗಿಸಿ, ಚೀಟಿಯ ಮೇಲಿನ ನೂರನ್ನು ಹೊಡೆದುಹಾಕಿ ಇನ್ನೂರೈವತ್ತು ಎಂದು ತಿದ್ದಿದೆ. ತತ್ವ ಇರಬೇಕು, ಹಾಗಂತ ತಲೆನೋವು ಬರಬಾರದು.

ಆದರೆ ಗದಗು ನಾನೂರು ದಾಟುತ್ತಿತ್ತು. ನನ್ನ ತಿದ್ದುಪಡಿ ಅಲ್ಲಿಯವರೆಗೆ ಹೋಗಲಿಲ್ಲ.

ಗದಗಿನ ಹತ್ತಿರದ ಹಳ್ಳಿ ನಮ್ಮ ಅತ್ತೆಯ ತವರು. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಅವರ ಅಣ್ಣ ತಂಗಿಗೆಂದು ಒಂದು ಚೀಲ ಬಿಳಿಜೋಳ ಲಾರಿಗೆ ಹಾಕುತ್ತಿದ್ದರು. ಅಪ್ಪ ಅಮ್ಮ ಹೋದ ಮೇಲೆ ತವರಿನಿಂದ ಅತ್ತೆಗೆ ಬರುತ್ತಿದ್ದದ್ದು ಅದೊಂದೇ. ಚೀಲ ಬಂದ ದಿನ ಹೊಲಿಗೆ ಬಿಚ್ಚಿ, ಒಂದು ಮುಷ್ಟಿ ತೆಗೆದು ಮೂಸಿ, ಈ ಸಲದ ಜೋಳ ಯಾವ ಹೊಲದ್ದೆಂದು ಹೇಳುತ್ತಿದ್ದರು. ಅಂಥ ಚೀಲವನ್ನು ನಾನು ಒಂದೇ ಫೋನಿನಲ್ಲಿ ನಿಲ್ಲಿಸಿದೆ. “ಮಾವ, ಈ ಸಲ ಜೋಳ ಕಳಿಸ್ಬೇಡಿ. ಇಲ್ಲೇ ಬೆಳೆದಿದ್ದು ತಿನ್ನೋಣ ಅಂತಿದೀವಿ” ಅಂದೆ. ಅವರು “ಆತವಾ” ಎಂದು ಫೋನು ಇಟ್ಟುಬಿಟ್ಟರು. ಅತ್ತೆಗೂ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಜೋಳದ ಜಾಗಕ್ಕೆ ರಾಗಿ ಬಂತು. ನಾನು ಇಲ್ಲೇ ಕೆಂಗೇರಿ ಪಕ್ಕದ ಉಲ್ಲಾಳದ ರೈತರ ಮನೆಯ ಮಗಳು. ನಮ್ಮ ಹೊಲಗಳೆಲ್ಲ ಲೇಔಟ್ ಆಗಿ, ಕೆರೆ ಹಿಂದಿನ ಅರ್ಧ ಎಕರೆ ಉಳಿದಿತ್ತು. ಅಲ್ಲಿಯ ರಾಗಿ ಹಿಟ್ಟೆಂದು ಅಮ್ಮ ತಿಂಗಳಿಗೊಂದು ಡಬ್ಬ ಕೊಡುತ್ತಿದ್ದಳು. ಉಲ್ಲಾಳ ನಮ್ಮ ಮನೆಯಿಂದ ಎಷ್ಟು ದೂರ, ಒಂದು ಬಸ್ಸಿನಷ್ಟು! ಭೂಮಿಯನ್ನು ಉಳಿಸುವ ಯೋಜನೆಯಲ್ಲಿ ನನ್ನ ತವರಿನ ಊಟಕ್ಕೇ ಮೊದಲ ಬಹುಮಾನ ಬಂದದ್ದು ಕಾಕತಾಳೀಯವೆಂದು ಆಗ ಪ್ರಾಮಾಣಿಕವಾಗಿ ನಂಬಿದ್ದೆ.

ಅತ್ತೆಯವರು ಮುದ್ದೆ ಉಣ್ಣುವುದನ್ನು ನೋಡಲಾಗುತ್ತಿರಲಿಲ್ಲ. ಎಪ್ಪತ್ತು ವರ್ಷ ಖಡಕ್ ರೊಟ್ಟಿ ಮುರಿದು ಅಗಿದ ಬಾಯಿ ಅದು. ಮುದ್ದೆಯನ್ನೂ ಅಗಿದರು. ಅದು ಎರಡು ದವಡೆಗೂ ಅಂಟಿಕೊಂಡು, ಬಾಯಿ ಬಿಡಲಾಗದೆ ಕೂತರು.

“ಅತ್ತೆ, ಅಗೀಬಾರ್ದು. ಸಾರಲ್ಲಿ ಅದ್ದಿ ಹಂಗೇ ನುಂಗ್ಬೇಕು.”

ನೀರು ಕುಡಿದು ದವಡೆ ಬಿಡಿಸಿಕೊಂಡು ಕೇಳಿದರು: “ಅಗೀಲಾರದ ನುಂಗಾಕ ಇದು ಊಟೇನವಾ, ಗುಳಿಗಿ ಏನ?”

ಗಂಡ ನಗು ತಡೆಯಲಾರದೆ ಕೈ ತೊಳೆಯುವ ನೆಪದಲ್ಲಿ ಎದ್ದುಹೋದರು. ಅತ್ತೆ ಮಾತ್ರ ಹಟಕ್ಕೆ ಬಿದ್ದು ಕಲಿತರು. ಕಣ್ಣು ಮುಚ್ಚಿ, ಶಿವನ ಹೆಸರು ಹೇಳಿ, ಗುಳುಕ್ ಎನ್ನಿಸಿ, ಗೆದ್ದವರ ಹಾಗೆ ನನ್ನ ಕಡೆ ನೋಡುತ್ತಿದ್ದರು. ಆದರೂ ಎರಡು ತುತ್ತಿಗೇ ಸಾಕೆನ್ನುತ್ತಿದ್ದರು, ರವಿಕೆ ಸಡಿಲವಾಗತೊಡಗಿತು. ಕೇಳಿದರೆ “ಆರಾಮ ಅದೇನಿ” ಎಂಬ ಉತ್ತರ. ನನಗೆ ಒಳಗೊಳಗೇ ಕಸಿವಿಸಿ. ಆದರೆ ಪಾರ್ಕಿನಲ್ಲಿ “ನಮ್ಮತ್ತೆನೂ ಒಗ್ಗಿಕೊಂಡಿದಾರೆ” ಎಂದು ಕೊಚ್ಚಿಕೊಂಡಾಗಿತ್ತು.

ಕೊಚ್ಚಿಕೊಂಡದ್ದಕ್ಕೆ ಪಾರ್ಕಿನವರು ಹೊಲದ ಫೋಟೋ ಕೇಳಿದರು. ಒಂದು ಬೆಳಿಗ್ಗೆ ಬಸ್ಸು ಹತ್ತಿ ಉಲ್ಲಾಳಕ್ಕೆ ಹೋದೆ. ಹಬ್ಬಕ್ಕೆ ಬಂದು, ಮನೆಯಲ್ಲೇ ಕೂತು, ಡಬ್ಬ ಹಿಡಿದು ಹೊರಡುತ್ತಿದ್ದವಳು ಕೆರೆ ಹಿಂದಕ್ಕೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ರಾಗಿ ಇರಬೇಕಾದ ಕಡೆ ಹಳದಿ ಸ್ಕೂಲ್ ವ್ಯಾನುಗಳು ಸಾಲಾಗಿ ನಿಂತಿದ್ದವು. ಬದುವಿದ್ದ ಕಡೆ ತಗಡಿನ ಬೇಲಿ. ಒಳಗಿಂದ ಒಬ್ಬ ಡ್ರೈವರು “ಯಾರು ಬೇಕು ಆಂಟಿ?” ಎಂದು ಕೇಳಿದ. ಫೋಟೋಕ್ಕೆಂದು ತೆಗೆದಿದ್ದ ಮೊಬೈಲನ್ನು ಬ್ಯಾಗಿಗೆ ಹಾಕಿಕೊಂಡು ಮನೆ ಕಡೆ ತಿರುಗಿದೆ.

ಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತ, ಮುಖ ಎತ್ತದೆ ಹೇಳಿದಳು: “ನಿಮ್ಮಣ್ಣ ಪಾರ್ಕಿಂಗಿಗೆ ಬಾಡಿಗೆ ಕೊಟ್ಟು ಮೂರು ವರ್ಷ ಆಯ್ತು ಕಣೇ. ಹೇಳಿದ್ರೆ ಅಳ್ತೀಯ ಅಂತ ಸುಮ್ನಿದ್ದೆ. ಹಿಟ್ಟು ಕೆಂಗೇರಿ ಅಂಗಡೀದು.”

“ಅಂಗಡಿಗೆ ಎಲ್ಲಿಂದ ಬರುತ್ತೆ?”

“ಲಾರೀಲಿ ಬರುತ್ತೆ.”

ಅಳಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಹೊಲದಲ್ಲಿ ಹಕ್ಕಿ ಓಡಿಸಿ ಬೆಳೆದವಳು ನಾನು. ಬಸ್‌ಸ್ಟಾಪಿನಲ್ಲಿ ಕೂತು, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಗದಗಿನ ಮಾವನಿಗೆ ಫೋನು ಮಾಡಿದೆ.

“ಮಾವ, ತಪ್ಪಾಯ್ತು. ಜೋಳ ಕಳಿಸಿ.”

“ನಿಮ್ಮ ಹೊಲದ ಸುದ್ದಿ ಗೊತ್ತಾತೇನವಾ?” ಎಂದರು.

ನಾಲ್ಕು ನೂರು ಕಿಲೋಮೀಟರು ದೂರದವರಿಗೆ ಅದು ಹೇಗೆ ಗೊತ್ತು? ಕೇಳಿದೆ.

“ನೀ ಬ್ಯಾಡ ಅಂದಾಗ ನನಗ ಭಾಳ ಸಿಟ್ಟ ಬಂದಿತ್ತು. ಚೀಲಾ ನಾನ ಹೊತ್ಕೊಂಡ ಬರ್ತೀನಿ ಅಂದೆ. ನಮ್ಮ ತಂಗಿನೇ ಬ್ಯಾಡ ಅಂದ್ಲು. ‘ಆ ಹೊಲಾ ಹೋಗೇತಿ ಅಂತ ಬೀಗಿತ್ತಿ ನನಗ ಹೇಳ್ಯಾಳ, ಸೊಸಿಗಿ ಗೊತ್ತಿಲ್ಲ. ತವರಿನ ರಾಗಿ ಅಂತ ತಿಳದ ಪ್ರೀತಿಲೇ ಬಡಸ್ತಾಳ. ಬ್ಯಾಡ ಅನ್ನಾಕ ನನಗ ಬಾಯಿ ಬರೂದಿಲ್ಲೋ ಅಣ್ಣಾ’ ಅಂದ್ಲು.”

ವಿಜಯನಗರದ ಬಸ್ಸು ಬಂದು, ನಿಂತು, ಹೋಯಿತು. ನಾನು ಹತ್ತಲಿಲ್ಲ.