ಎರಡು ಏಟಿನ ನಡುವಿನ ಮಾತು

ಬೆಂಕಿಗೆ ಹಿಡಿದ ತಮಟೆಯ ಚರ್ಮದ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಕಳೆದ ತಿಂಗಳು ಮೈಸೂರಿನ ಒಂದು ರಸ್ತೆಯ ಬದಿಯಲ್ಲಿ, ಮೆರವಣಿಗೆಗೆ ಸಜ್ಜಾಗುತ್ತಿದ್ದ ನಾಲ್ಕಾರು ಮಂದಿ ಹಳೆಯ ಪತ್ರಿಕೆಗಳನ್ನು ಸುಟ್ಟು ತಮಟೆ ಕಾಯಿಸುತ್ತಿದ್ದರು. ಸುಡುತ್ತಿದ್ದದ್ದು ಕಾಗದ. ಆದರೆ ನನ್ನ ಮೂಗಿಗೆ ಬಂದದ್ದು ಬೈಹುಲ್ಲಿನ ಹೊಗೆ, ಪಿರಿಯಾಪಟ್ಟಣದ ಸಂತೆಮಾಳದ ಹೊಗೆ… ನೆನಪು ಸಾಕ್ಷ್ಯವನ್ನು ತಿದ್ದುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಆದ್ದರಿಂದ ಮುಂದೆ ಬರೆಯುವುದನ್ನೂ ಓದುಗರು ಅನುಮಾನದಿಂದಲೇ ಓದಬೇಕೆಂದು ನನ್ನ ಕೋರಿಕೆ.

ಆ ನೆನಪಿಗೆ ಇನ್ನೊಂದು ಕಾರಣವೂ ಇತ್ತು. ಸಂತೆಗಳ ಕುರಿತ ನನ್ನ ಹಳೆಯ ಕ್ಷೇತ್ರಕಾರ್ಯದ ಸಾಮಗ್ರಿಯನ್ನು ತರುಣಿಯೊಬ್ಬರು ಈಗ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಯಾರು ಬೇಕಾದರೂ ಊರಿನ ಹೆಸರು ಬರೆದು ಹುಡುಕಬಹುದು. ಆ ದಿನ ಬೆಳಿಗ್ಗೆ ನಾನು ಕೇಳಿದ್ದೆ: ಊರಿನ ಹೆಸರಿನ ಜಾಗದಲ್ಲಿ ಯಾರಾದರೂ 'ಎಲ್ಲವನ್ನೂ ಅಳಿಸು' ಎಂಬ ಆಜ್ಞೆಯನ್ನೇ ಬರೆದರೆ?

"ಬರೀಲಿ ಸರ್," ಎಂದರು ಆಕೆ. "ಪ್ರಶ್ನೆಯ ವಾಕ್ಯ ಮೊದಲೇ ಡೇಟಾಬೇಸಿಗೆ ಹೋಗಿರತ್ತೆ, ಮಧ್ಯೆ ಒಂದು ಜಾಗ ಖಾಲಿ ಬಿಟ್ಕೊಂಡು. ಜನ ಬರೆದದ್ದು ಬೇರೆಯಾಗಿ ಹೋಗಿ ಆ ಜಾಗದಲ್ಲಿ ಕೂರತ್ತೆ. ಆಜ್ಞೆ ಬರೆದ್ರೂ, ಆ ಹೆಸರಿನ ಊರು ಇದೆಯಾ ಅಂತ ಹುಡುಕತ್ತೆ ಅಷ್ಟೇ. ಎರಡನ್ನೂ ಸೇರಿಸಿ ಒಂದೇ ವಾಕ್ಯ ಮಾಡಿ ಕೊಟ್ರೆ ಮಾತ್ರ ಕೆಟ್ಟ ಹಾಗೆ, ಅದನ್ನೂ ನಮ್ಮ ಆಜ್ಞೆ ಅಂದ್ಕೊಂಡು ಅಳಿಸಿಬಿಡತ್ತೆ."

ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದೇ ಕ್ರಮವೇ ಎಂದು ಕೇಳಿದೆ. ಪೈಥಾನ್‌ನಲ್ಲಿ ಬರೆಯುವ ರೀತಿ ಬೇರೆ, ಜಾವಾದಲ್ಲಿ ಬೇರೆ, ಖಾಲಿ ಜಾಗದ ಗುರುತೂ ಬೇರೆಯಿರಬಹುದು. ಸೇರಿಸಿ ಹೊಲಿಯಬಾರದೆಂಬ ನಿಯಮ ಮಾತ್ರ ಎಲ್ಲೆಡೆಯೂ ಒಂದೇ ಎಂದರು. ಇದನ್ನು ನಾನು ಪಿರಿಯಾಪಟ್ಟಣದ ಸಂತೆಯಲ್ಲಿ ನೋಡಿದ್ದೇನೆ ಎಂದೆ. ಆಕೆ ನಂಬಲಿಲ್ಲ. ನಂಬದಿದ್ದದ್ದು ನನಗೆ ಹಿಡಿಸಿತು.

ನಾನು ನೋಡಿದ ಕಾಲವನ್ನು ಮೊದಲು ಖಚಿತಪಡಿಸಬೇಕು. ಹುಣಸೂರಿನಿಂದ ನನ್ನನ್ನು ಕರೆದೊಯ್ಯುತ್ತಿದ್ದ ಬಸ್ಸಿನ ಮೇಲೆ ಇನ್ನೂ 'ಮೈಸೂರು ರಾಜ್ಯ' ಎಂಬ ಅಕ್ಷರಗಳಿದ್ದವು. ಅಂದರೆ ೧೯೭೩ರ ನವೆಂಬರಿಗೆ ಮುಂಚೆ. ನಾನು ಸಂಶೋಧನಾ ಸಹಾಯಕನಾಗಿ ಸೇರಿದ್ದು ಅರವತ್ತರ ದಶಕದ ಕೊನೆಯಲ್ಲಿ. ಈ ಎರಡು ಗಡಿಗಳ ನಡುವೆ ಇದಕ್ಕಿಂತ ಹತ್ತಿರಕ್ಕೆ ಹೋಗಲು ನನ್ನಲ್ಲಿ ಆಧಾರವಿಲ್ಲ.

ಸಂತೆಯಲ್ಲಿ ಏನಾದರೂ ಕಳೆದರೆ ತಮಟೆ ಬಾರಿಸಿ ಸಾರುವವರೊಬ್ಬರಿದ್ದರು. ಎಲ್ಲರೂ ಅವರನ್ನು ಡಂಗುರದವನು ಎನ್ನುತ್ತಿದ್ದರು. ನಾನು ಡಂಗುರದವರು ಎನ್ನುತ್ತೇನೆ. ಒಣಕಲು ದೇಹ, ಯಾರನ್ನೂ ನೇರವಾಗಿ ನೋಡದೆ ಎಲ್ಲರನ್ನೂ ಗಮನಿಸುವ ಕಣ್ಣು. ಸಂತೆ ಮುಗಿದ ಮೇಲೆ ಪ್ರತಿ ಅಂಗಡಿಯವರೂ ಕೊಡುತ್ತಿದ್ದ ಒಂದು ಹಿಡಿ ರಾಗಿ, ನಾಲ್ಕು ಬದನೆಕಾಯಿಯೇ ಅವರ ಸಂಬಳ. ಸುಂಕದ ಗುತ್ತಿಗೆದಾರರ ಅಪ್ಪಣೆಗಳನ್ನು ಸಾರುವ ಕೆಲಸವೂ ಅವರದೇ. ಹೀಗಾಗಿ ಅವರ ದನಿಯೆಂದರೆ ಸಂತೆಯದೇ ದನಿ.

ಅವರ ಸಾರುವ ಕ್ರಮ ವಿಚಿತ್ರವಾಗಿತ್ತು. "ಕೇಳ್ರಪ್ಪೋ ಕೇಳಿ! ಸಂತೇಲಿ ಒಂದು ವಸ್ತು ಕಳ್ದೈತೆ, ಅದು ಯಾವುದಂದ್ರೆ" ಎಂದು ಕೂಗಿ, ತಮಟೆಗೆ ಒಂದು ಏಟು ಹಾಕಿ, ಬಾಯಿ ಮುಚ್ಚಿಬಿಡುತ್ತಿದ್ದರು. ಪಕ್ಕದಲ್ಲಿ ನಿಂತ, ವಸ್ತು ಕಳೆದುಕೊಂಡವರೇ ತಮ್ಮ ಬಾಯಿಂದ ಅದನ್ನು ಹೇಳಬೇಕು. ಅವರದು ಮುಗಿಯುತ್ತಲೇ ಇನ್ನೊಂದು ಏಟು. "ಅಂತ ಇವ್ರ ಮಾತು. ಸಿಕ್ದೋರು ಆಲದಮರದ ತಾವ ತನ್ನಿ."

ಕೇರಳದಿಂದ ಒಣಮೀನು ತರುವವರಿಗಾಗಿ ಮಲಯಾಳದಲ್ಲೂ, ಕೊಡಗಿನಿಂದ ಬರುವವರಿಗಾಗಿ ಕೊಡವ ಮಾತಿನಲ್ಲೂ ಇದನ್ನೇ ಸಾರುತ್ತಿದ್ದರು. ನಾನು ಪರೀಕ್ಷಿಸಿ ನೋಡಿದೆ. ಆ ಎರಡು ಭಾಷೆಗಳಲ್ಲೂ ಅವರಿಗೆ ಬರುತ್ತಿದ್ದದ್ದು ಆ ಬಾಯಿಪಾಠದ ವಾಕ್ಯಗಳಷ್ಟೇ. ನಡುವಿನ ಜಾಗವನ್ನು ಮೀನಿನವನು ತನ್ನ ಮಾತಿನಲ್ಲಿ ತುಂಬುತ್ತಿದ್ದ. ಭಾಷೆ ಬದಲಾದರೂ ಎರಡು ಏಟು ಬದಲಾಗುತ್ತಿರಲಿಲ್ಲ. ಎಲ್ಲಿ ನಿಂತು ಸಾರಬೇಕೆಂಬುದನ್ನೂ ಅವರು ಪೂರ್ತಿಯಾಗಿ ಬೇರೆಯವರಿಗೆ ಬಿಡುತ್ತಿರಲಿಲ್ಲ. ಆಲದಮರ, ದನದ ಸಂತೆ, ಬಸ್ ನಿಲ್ಲುವ ಜಾಗ, ಬಟ್ಟೆ ಸಾಲು, ಇಷ್ಟರಲ್ಲೇ ಒಂದನ್ನು ಆರಿಸಬೇಕು. ಐದನೆಯ ಜಾಗದ ಹೆಸರು ಹೇಳಿದರೆ ಕಿವಿ ಕೇಳಿಸದವರಂತೆ ನಿಂತುಬಿಡುತ್ತಿದ್ದರು.

ಇಷ್ಟು ಕಟ್ಟುನಿಟ್ಟು ಮಾಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಶಂಕೆ ನನಗೆ ಬಂತು. ಅದಕ್ಕೆ ನೀರೆರೆದವರು ಆಲದಮರದ ಪಕ್ಕದ ಟೀ ಅಂಗಡಿಯಾಕೆ.

"ಮೊದ್ಲು ಎಲ್ಲಾನೂ ಅವ್ನೇ ಕೂಗೋನು ಕಣ್ರೀ," ಎಂದರು ಆಕೆ. "ಒಬ್ಬ ದನದ ದಲ್ಲಾಳಿ ಬಂದು, ಎತ್ತು ಕಳ್ದೈತೆ, ಸಾರು ಅಂತ ಇವ್ನ ಕಿವೀಲಿ ಏನೇನೋ ಯೋಳ್ದ. ಇವ್ನು ಒಂದೇ ಉಸ್ರಲ್ಲಿ, ಕೆಂದೆತ್ತು ಕಳ್ದೈತೆ, ಅದ್ಕೆ ಕಾಲುಬಾಯಿ ಜ್ವರ, ದನ ಇರೋರೆಲ್ಲಾ ಈಗ್ಲೇ ಜಾಗ ಖಾಲಿ ಮಾಡ್ಬೇಕು ಅಂತ ಕೂಗ್ಬುಟ್ಟ. ಸಂತೆ ಅಪ್ಪಣೇನೇ ಅಂದ್ಕಂಡು ಎಲ್ರೂ ಎದ್ದೋ ಬಿದ್ದೋ ಅಂತ ಓಡುದ್ರು. ಹುಣ್ಸೂರು ರಸ್ತೇಲಿ ಆ ದಲ್ಲಾಳಿ ಕಡೆಯೋರೇ ನಿಂತಿದ್ರು. ಜ್ವರದ ದನ ಯಾರು ತಕ್ಕಂತಾರೆ, ಬಂದಷ್ಟು ಕಾಸಿಗೆ ಕೊಟ್ಬುಡಿ ಅಂದ್ರು. ನನ್ ಎಮ್ಮೆ ಓಯ್ತು."

ಆಮೇಲೆ ದಲ್ಲಾಳಿ ಗುತ್ತಿಗೆದಾರರ ಮುಂದೆ ಕೈ ಕೊಡವಿಕೊಂಡನಂತೆ: ನಾನು ಹೇಳಿದ್ದು ಎತ್ತಿನ ವಿಷಯ ಮಾತ್ರ, ಉಳಿದದ್ದು ಇವನದೇ. ಎಲ್ಲವೂ ಒಂದೇ ದನಿಯಲ್ಲಿ ಬಂದಿದ್ದರಿಂದ ಯಾವುದು ಯಾರದೆಂದು ಬಿಡಿಸುವಂತಿರಲಿಲ್ಲ. ಇನ್ನೊಮ್ಮೆ ಇಂಥದ್ದಾದರೆ ತಮಟೆ ಬೇರೆಯವರ ಹೆಗಲಿಗೆ ಹೋಗುತ್ತದೆ ಎಂದು ಗುತ್ತಿಗೆದಾರರು ಹೇಳಿದರು. ಆ ನಂತರದ ಸಂತೆಯಿಂದಲೇ ಎರಡು ಏಟು ಶುರುವಾಯಿತು.

"ಅವ್ರಿಗೆ ಗೊತ್ತಿಲ್ಲದೆ ಆಗಿರಬಹುದಲ್ಲ?" ಎಂದೆ.

"ಗೊತ್ತಿಲ್ದೆ? ನಾ ನಂಬಾಕಿಲ್ಲ ಬುಡಿ." ಆಕೆ ಗೂಟಕ್ಕೆ ಸಿಕ್ಕಿಸಿದ್ದ ಬೇರೆ ಲೋಟವನ್ನು ತೆಗೆದು ತೊಳೆಯತೊಡಗಿದರು. ಡಂಗುರದವರಿಗೆ ಟೀ ಕೊಡುತ್ತಿದ್ದದ್ದು ಆ ಲೋಟದಲ್ಲಿ, ಅಂಗಡಿಯ ಹೊರಗೆ. ಅಂಥವರ ಮೇಲೆ ಸಂಶಯ ಎಷ್ಟು ಹಗುರವಾಗಿ ಬಂದು ಕೂರುತ್ತದೆಂದು ಆಗ ನನಗೆ ಹೊಳೆಯಲಿಲ್ಲ… ಹೊಳೆದಿದ್ದರೂ ಅದು ನಿರ್ದೋಷಿತ್ವಕ್ಕೆ ಪುರಾವೆಯಾಗುತ್ತಿರಲಿಲ್ಲ.

ಕೆಲವು ಸಂತೆಗಳ ನಂತರ ಅದೇ ದಲ್ಲಾಳಿ ಮತ್ತೆ ಬಂದ. ಈ ಸಲ ನಾನು ಹತ್ತಿರವೇ ಇದ್ದೆ. ತಂಬಾಕು ಹದ ಮಾಡುವ ಗೂಡುಗಳಿಂದ ಹೊಗೆ ಏಳುತ್ತಿದ್ದ ತಿಂಗಳು. ಎತ್ತು ಕಳೆದಿದೆ, ದನದ ಸಂತೆಯಲ್ಲಿ ಸಾರಬೇಕು ಎಂದ. ಟೀ ಅಂಗಡಿಯಾಕೆ ಒಲೆ ಬಿಟ್ಟು ಎದ್ದು ಬಂದರು. ಕಳೆದುಕೊಂಡವರು ಯಾರೇ ಆಗಲಿ ಸಾರಲೇಬೇಕೆಂಬುದು ಸಂತೆಯ ಕಟ್ಟಳೆ. ಒಲ್ಲೆ ಎಂದರೂ ತಮಟೆ ಹೋಗುತ್ತಿತ್ತು, ಮತ್ತೆ ಮೋಸವಾದರೂ ಹೋಗುತ್ತಿತ್ತು.

ಡಂಗುರದವರು ಮೊದಲ ಭಾಗ ಕೂಗಿ ಏಟು ಹಾಕಿ ಸುಮ್ಮನಾದರು.

ದಲ್ಲಾಳಿ ಗಂಟಲು ಹಿಡಿದುಕೊಂಡು, "ಗಂಟ್ಲು ಕಟ್ಕಂಡೈತೆ ಕಣಯ್ಯ, ನೀನೇ ಕೂಗ್ಬುಡು," ಎಂದ.

"ಮೆತ್ತಗೇ ಯೋಳಿ ಅಣ್ಣಾ. ಸಂತೆ ಕಾಯ್ತದೆ."

ಸಂತೆ ನಿಜಕ್ಕೂ ಕಾಯಿತು. ದಲ್ಲಾಳಿ ಸುತ್ತ ನೋಡಿ, ಕಟ್ಟಿದ್ದ ಗಂಟಲಿನಿಂದಲೇ ಗಟ್ಟಿಯಾಗಿ ಕೂಗಿದ: "ಕೆಂದೆತ್ತು! ಎಡಗೊಂಬು ಮುರ್ದೈತೆ! ಬಾಯಲ್ಲಿ ಜೊಲ್ಲು ಸುರೀತೈತೆ, ಕಾಲುಬಾಯಿ ಜ್ವರ! ಎಲ್ರೂ ದನ ಹೊಡ್ಕಂಡು ಈಗ್ಲೇ ಓಗ್ಬೇಕು ಅಂತ ಅಪ್ಪಣೆ ಆಗೈತೆ!"

ಏಟು ಬಿತ್ತು. "ಅಂತ ಇವ್ರ ಮಾತು," ಎಂದರು ಡಂಗುರದವರು. "ಸಿಕ್ದೋರು ಆಲದಮರದ ತಾವ ತನ್ನಿ."

ಒಬ್ಬರೂ ಹಗ್ಗ ಬಿಚ್ಚಲಿಲ್ಲ. ಹಸುವೊಂದರ ಹಲ್ಲು ನೋಡುತ್ತಿದ್ದ ಭೇರ್ಯದ ಕಡೆಯ ರೈತನೊಬ್ಬ ತಲೆ ಎತ್ತದೆ, "ಎತ್ತು ಕಳ್ಕಂಡೋನು ಎತ್ತು ಉಡುಕ್ಲಾ! ನಮ್ ದನ ಯಾಕ್ಲಾ ಓಡುಸ್ತೀಯೆ?" ಎಂದ. ನಗು ಸಾಲಿನಿಂದ ಸಾಲಿಗೆ ಹಬ್ಬಿತು. "ಎತ್ತಿರ್ಲಿ, ನನ್ ಎಮ್ಮೆ ಎಲ್ಲೋ?" ಎಂದು ಟೀ ಅಂಗಡಿಯಾಕೆ ಸೌಟು ಹಿಡಿದು ಮುಂದೆ ಬಂದಾಗ ದಲ್ಲಾಳಿ ಬಸ್ಸಿನತ್ತ ನಡೆದಿದ್ದ. ಆ ಸಂತೆಯಲ್ಲಿ ನಾನು ಆತನನ್ನು ಮತ್ತೆ ಕಾಣಲಿಲ್ಲ. ತಮಟೆ ಡಂಗುರದವರ ಹೆಗಲಿನಲ್ಲೇ ಉಳಿಯಿತು.

ಸಂಶಯವೂ ಉಳಿಯಿತು. "ಇವತ್ತು ಉಷಾರಾದ ಅಂದ್ರೆ ಅವತ್ತು ಗೊತ್ತಿರ್ನಿಲ್ಲ ಅಂತಾನಾ?" ಎಂದರು ಟೀ ಅಂಗಡಿಯಾಕೆ, ಅದೇ ಸೌಟಿನಿಂದ ಹಾಲು ತಿರುವುತ್ತ. ಮಾತಿನಲ್ಲಿ ತರ್ಕವಿತ್ತು. ಇಬ್ಬರೂ ಸೇರಿ ಹೂಡಿದ ನಾಟಕವಿದ್ದರೆ ಎಂದು ನಾನು ಕೂಡ ಕೆಲಕಾಲ ಯೋಚಿಸಿದೆ.

ಸಂಜೆ, ಸಿಕ್ಕ ರಾಗಿಯನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದ ಡಂಗುರದವರನ್ನು ನೇರವಾಗಿ ಕೇಳಿದೆ: ಮೊದಲ ಸಲ ಆ ದಲ್ಲಾಳಿಯ ಉದ್ದೇಶ ನಿಮಗೆ ಗೊತ್ತಿತ್ತೆ?

ಅವರು ಗಂಟು ಬಿಗಿದು ಮುಗಿಸಿದರು. ನೆಲದ ಮೇಲಿದ್ದ ತಮಟೆಯನ್ನು ಎತ್ತಿಕೊಂಡು, ಮೆಲ್ಲಗೆ ಒಂದು ಏಟು ಹಾಕಿದರು.

"ನಂಗೊತ್ತಿರ್ನಿಲ್ಲ."

ಇನ್ನೊಂದು ಏಟು. "ಅಂತ ಇವ್ನ ಮಾತು, ಸಾಮಿ."

ಬದನೆಕಾಯಿಯ ಬೆಲೆಗೂ ದೇವರ ಮೇಲೆ ಆಣೆಯಿಡುವ ಸಂತೆ ಅದು. ಆಣೆಯಿಡದ ಆ ಉತ್ತರವನ್ನು ನಾನು ಅಂದು ಜಾರಿಕೊಳ್ಳುವ ಉತ್ತರವೆಂದೇ ತಿಳಿದೆ…

ರಾಜ್ಯದ ಹೆಸರು ಬದಲಾದ ಮೇಲೆ, ಬಹುಶಃ ಒಂದೆರಡು ವರ್ಷಕ್ಕೆ, ನಾನು ಮತ್ತೆ ಅಲ್ಲಿಗೆ ಹೋದಾಗ ಆಲದಮರಕ್ಕೆ ಮೈಕು ಕಟ್ಟಿದ್ದರು. ಕಳೆದ ಎತ್ತು, ಸುಂಕದ ಅಪ್ಪಣೆ, ಸೋಪಿನ ಜಾಹೀರಾತು ಎಲ್ಲವೂ ಒಂದೇ ದನಿಯಲ್ಲಿ ಬರುತ್ತಿದ್ದವು. ಡಂಗುರದವರು ತೀರಿಕೊಂಡರೆಂದು ಟೀ ಅಂಗಡಿಯಾಕೆ ಹೇಳಿದರು. ಯಾವಾಗ ಎಂದು ಕೇಳಿದೆ. ಆಕೆ ಹೇಳಿದ್ದಕ್ಕೂ ಬಟ್ಟೆ ಸಾಲಿನವರು ಹೇಳಿದ್ದಕ್ಕೂ ಹೊಂದಲಿಲ್ಲ. ಬೇರೆ ಲೋಟ ಇನ್ನೂ ಗೂಟದಲ್ಲೇ ಇತ್ತು.

ಈಗ ಆ ತರುಣಿಗೆ ಇದನ್ನೆಲ್ಲ ಹೇಳಿದಾಗ, ಡಂಗುರದವರ ಉತ್ತರವನ್ನು ಯಾವ ಅಂಕಣದಲ್ಲಿ ಹಾಕಲಿ ಎಂದು ಕೇಳಿದರು. 'ನಡೆದದ್ದು' ಎಂಬುದೊಂದಿದೆ, 'ಹೇಳಿದ್ದು' ಎಂಬುದೊಂದಿದೆ. 'ಹೇಳಿದ್ದು' ಎಂದೆ. ಟೀ ಅಂಗಡಿಯಾಕೆಯ ಆರೋಪವನ್ನೂ ಅದರ ಕೆಳಗೇ, ಅದೇ ಅಂಕಣದಲ್ಲಿ ಹಾಕಿಸಿದೆ. ಇವೆರಡನ್ನೂ ತೂಗಬಲ್ಲ ಮೂರನೆಯ ಸಾಕ್ಷಿಯನ್ನು ನಾನು ಬಹುಕಾಲ ಹುಡುಕಿದ್ದೇನೆ. ಸಿಕ್ಕಿಲ್ಲ. ಇನ್ನು ಸಿಗುವುದೂ ಇಲ್ಲ. ತಮ್ಮ ನಿರ್ದೋಷಿತ್ವವನ್ನು ಕೂಡ ಬರಿಯ ಒಬ್ಬನ ಮಾತೆಂದು ನನ್ನ ಮುಂದಿಟ್ಟವರು, ನಾನು ಕಂಡ ಅಷ್ಟೂ ಮಂದಿ ಸಾಕ್ಷಿಗಳಲ್ಲಿ ಅವರೊಬ್ಬರೇ.

ಕಳೆದ ತಿಂಗಳು ಮೈಸೂರಿನ ಆ ರಸ್ತೆಯ ಬದಿಯಲ್ಲಿ, ಚರ್ಮ ಬಿಗಿದಿದೆಯೇ ಎಂದು ನೋಡಲು ಒಬ್ಬಾತ ತಮಟೆಗೆ ಒಂದು ಏಟು ಹಾಕಿದ. ನಾನು ನಿಂತೆ. ಎರಡನೆಯದಕ್ಕೆ ಕಾದೆ… ಅಷ್ಟರಲ್ಲಿ ಎಲ್ಲ ತಮಟೆಗಳೂ ಒಟ್ಟಿಗೇ ಮೊಳಗಿ ಮೆರವಣಿಗೆ ಹೊರಟಿತು.