ಬಲೆ, ಬಲೆ ಎಂದ ಹಾಡುಗಾರ

ಮುಂಬೈ ಹತ್ತಿರ ಕಳವಾ ಎಂಬಲ್ಲಿದ್ದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅಣ್ಣ ಟೇಪ್‌ರೆಕಾರ್ಡರನ್ನು ಅಕ್ಕಿ ಡಬ್ಬದ ಮೇಲೆ ಇಡುತ್ತಿದ್ದ. ಡಬ್ಬವೂ ಅದುರಿದರೆ ಡ್ರಮ್ಮಿನ ಗಮ್ಮತ್ತು ಹೆಚ್ಚು ಎಂದು ಅವನ ವಾದ. ಅಪ್ಪ ಪಕ್ಕದ ಠಾಣೆ ಪಟ್ಟಣದ ಹೋಟೆಲಿನ ಕೆಲಸದಿಂದ ಬರುವುದರೊಳಗೆ ನಮ್ಮ ಮೆಚ್ಚಿನ ರಾಕ್ ಬ್ಯಾಂಡಿನ ಕ್ಯಾಸೆಟ್ಟನ್ನು ಎರಡೂ ಬದಿ ಕೇಳಿ ಮುಗಿಸಬೇಕಿತ್ತು. ನಮ್ಮ ಇಂಗ್ಲಿಷು ಅಷ್ಟಕ್ಕಷ್ಟೆ. ಒಂದು ಹಾಡಿನಲ್ಲಿ ಗಿಟಾರು ತಟ್ಟನೆ ನಿಂತು, ಹಾಡುಗಾರ ಗಂಟಲು ಹರಿಯುವಂತೆ ಒಂದೇ ಪದವನ್ನು ಎರಡು ಸಲ ಕೂಗುತ್ತಿದ್ದ. ಸವೆದ ಟೇಪಿನಲ್ಲಿ ನಮಗದು "ಬಲೆ, ಬಲೆ" ಎಂದು ಕೇಳಿಸಿತು. ನಮ್ಮ ಮನೆಮಾತು ತುಳುವಿನಲ್ಲಿ ಅದಕ್ಕೆ ಬನ್ನಿ, ಬನ್ನಿ ಎಂದರ್ಥ.

"ನಮ್ಮನ್ನೇ ಕರೆಯುದು ಮಾರಾಯ," ಎಂದ ಅಣ್ಣ. "ಒಂದು ದಿನ ಇವ್ರು ಇಲ್ಲಿಗೆ ಬರ್ತಾರೆ. ಆಗ ನಾವಿಬ್ರೂ ಎದುರು ನಿಂತು 'ಬತ್ತೆ' ಅಂತ ಕೂಗುವ."

ಬತ್ತೆ, ಬಂದೆ. ಆ ಒಂದು ಉತ್ತರವನ್ನು ನಾವು ಎಷ್ಟು ಸಲ ಅಭ್ಯಾಸ ಮಾಡಿದ್ದೆವೋ ಲೆಕ್ಕವಿಲ್ಲ.

ಅವರು ಬರಲು ನಲವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಅಣ್ಣ ಶಹಾಡ್‌ನ ಕಾರ್ಖಾನೆಯ ಮಷಿನ್ನುಗಳ ನಡುವೆ ದುಡಿದು ಕಿವಿ ಕಳೆದುಕೊಂಡಿದ್ದ. ಆದರೂ ಬಿಡದೆ ನವಿ ಮುಂಬೈಯ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದೆ. ಮೊದಲ ಹಾಡಿಗೇ ಅವನ ಕಿವಿಯ ಮಷಿನ್ನು ಕುಂಯ್ ಎಂದು ಕೂಗತೊಡಗಿತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಎದೆಗೆ ಗುದ್ದುದು ಗೊತ್ತಾಗ್ತದೆ, ಸಾಕು," ಎಂದ. "ಅವ ಕರೆದ ಕೂಡಲೇ ನೀನು ತಿವಿ. ನಾನು ಕೂಗ್ತೇನೆ."

ನಾನು ಮಾಡಬೇಕಿದ್ದ ಕೆಲಸ ಅಷ್ಟೇ.

ಆ ಹಾಡು ಬಂತು. ಗಿಟಾರು ನಿಂತಿತು. ಮುದುಕನಾದ ಹಾಡುಗಾರನಿಗೆ ಅಷ್ಟು ಎತ್ತರದ ದನಿ ಏಳಲಿಲ್ಲ. ಮೈಕನ್ನು ಜನರತ್ತ ತಿರುಗಿಸಿದ. ಸುತ್ತಲಿನ ಹುಡುಗ ಹುಡುಗಿಯರು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹಾಡಿದರು: ವ್ಯಾಲಿ, ವ್ಯಾಲಿ. ಬಲೆ ಅಲ್ಲ. ಯಾವುದೋ ದೇಶದ ಯಾವುದೋ ಕಣಿವೆ. ಅಕ್ಕಿ ಡಬ್ಬದ ಮೇಲಿನ ಪೆಟ್ಟಿಗೆಯಿಂದ ನಮ್ಮನ್ನು ಯಾರೂ ಯಾವತ್ತೂ ಕರೆದಿರಲಿಲ್ಲ.

ನನ್ನ ಕೈ ಏಳಲೇ ಇಲ್ಲ. ಎಂಥ ಮೂರ್ಖ ನಾನು! ಅವನ ಪಾಲಿಗೆ ಅದಿನ್ನೂ ಬಲೆಯೇ ಆಗಿತ್ತು. ತಿವಿದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಾಡು ಮುಗಿಯಿತು. ಮುಂದಿನದೂ ಮುಗಿಯಿತು. ಅಣ್ಣ ಮಾತ್ರ ಪ್ರತಿ ಹಾಡಿಗೂ ಉಸಿರು ತುಂಬಿಕೊಂಡು ನನ್ನ ಮುಖ ನೋಡುತ್ತಿದ್ದ.

"ಲೆತ್ತೆರಾ?" ಎಂದು ಕೊನೆಗೆ ಕೇಳಿದ. ಕರೆದರಾ?

ತಲೆಯಲ್ಲಾಡಿಸಿದೆ. ಆ ಹಾಡು ಹಾಡಲೇ ಇಲ್ಲ ಎಂದು ಕೈಸನ್ನೆ ಮಾಡಿ ಸುಳ್ಳು ಹೇಳಿದೆ.

"ಅಷ್ಟು ದೂರದಿಂದ ಬಂದು ಅದನ್ನೇ ಬಿಟ್ರಾ?" ಅವನ ಮುಖ ಸಣ್ಣದಾಯಿತು. "ಇರ್ಲಿ, ಇನ್ನೊಮ್ಮೆ ಬಂದಾಗ ಹಾಡಿಯಾರು," ಎಂದ. ಇನ್ನೊಮ್ಮೆ ಎಂಬುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಾಪಸು ಬರುವಾಗ ಠಾಣೆಯಲ್ಲಿ ಇಳಿದು ಕಳವಾ ಕಡೆಯ ಲೋಕಲ್ ಗಾಡಿ ಹಿಡಿಯಬೇಕಿತ್ತು. ಸ್ಟೇಷನ್ನಿನ ಸೇತುವೆಯ ಮೇಲಿನ ನೂಕುನುಗ್ಗಲಿನಲ್ಲಿ ಅಣ್ಣ ಹಿಂದೆ ಬಿದ್ದ. ತಿರುಗಿ ನೋಡಿದರೆ, ಜನರ ಹೊಡೆತಕ್ಕೆ ಕಂಬ ಹಿಡಿದುಕೊಂಡು ನನ್ನನ್ನೇ ಹುಡುಕುತ್ತಿದ್ದ.

"ಬಲೆ ಅಣ್ಣಾ, ಬಲೆ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಮಷಿನ್ನು ಇನ್ನೂ ಅವನ ಜೇಬಿನಲ್ಲೇ ಇತ್ತು.